‘ಎತ್ತಿಡು’ ಅಂದರೆ ನಗು ಯಾಕೆ?

ಐವತ್ತೆರಡನೇ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಬೈಸಿಕೊಂಡವನು ನಾನು. ಅಕ್ಕಪಕ್ಕ ಪಿಯುಸಿ ಓದುವ ಹುಡುಗಿಯರು. ಬೈದವರು ಆಲೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಗಂಗಾಂಬಿಕೆ ಟೀಚರ್.

"ಗೌಡ್ರೆ, ಅದು ಮೌಸು. ಕಾಫಿ ಗಿಡದ ರೆಂಬೆ ಅಲ್ಲ, ಹಂಗೆ ಬಗ್ಗಿಸಿ ಹಿಡೀಬೇಡಿ" ಅಂದರು.

ಇದಕ್ಕೆಲ್ಲ ಕಾರಣ ಈ ಅಂಕಣ. ಇನ್ನು ಮುಂದೆ ಕೈಬರಹ ನಡೆಯುವುದಿಲ್ಲ, ಟೈಪ್ ಮಾಡಿ ಇ-ಮೇಲ್ ಕಳಿಸಿ ಅಂತ ಪತ್ರಿಕೆಯಿಂದ ಫೋನ್ ಬಂದಿತ್ತು. ಕುಂದೂರು ಕಡೆ ಆರೆಕರೆ ಕಾಫಿ ತೋಟ ಇಟ್ಟುಕೊಂಡ ನನಗೆ ಯಾರು ಕಲಿಸಬೇಕು? ಬಸ್ ಹತ್ತಿ ಆಲೂರಿಗೆ ಹೋದೆ. ವಾರಕ್ಕೆ ಮೂರು ದಿನ, ಐದು ತಿಂಗಳು ಹೋದೆ. ನೀವು ಈಗ ಓದುತ್ತಿರುವ ಅಕ್ಷರಗಳನ್ನು ಒತ್ತಿದ ಬೆರಳುಗಳು ಆ ಹೆಂಗಸು ತಿದ್ದಿದ ಬೆರಳುಗಳು. ಅಂಥವರಿಗೆ ನಾನು ಏನು ಮಾಡಿದೆ ಅನ್ನುವುದೇ ಈ ವಾರದ ಬರಹ. ಓದಿ ಬೈಯುವವರು ಬೈಯಬಹುದು.

ಟೀಚರಿಗೆ ಸುಮಾರು ನನ್ನದೇ ವಯಸ್ಸು. ಗಂಡ ತೀರಿಕೊಂಡ ಮೇಲೆ ಇನ್‌ಸ್ಟಿಟ್ಯೂಟ್ ನಡೆಸಿಕೊಂಡು ಬಂದವರು. ತಾಲ್ಲೂಕಿನ ಅರ್ಧ ಗುಮಾಸ್ತರು ಅವರ ಶಿಷ್ಯರು. ಟೈಪ್‌ರೈಟರಿಗೆ ಕಾಲ ಮುಗಿದಾಗ, ಯಾವುದೋ ಎಸ್ಟೇಟ್ ಆಫೀಸಿನವರು ಹಳೆಯ ನಾಲ್ಕು ಕಂಪ್ಯೂಟರ್ ಕೊಟ್ಟರು. ಒಳಗೆ ಏನೂ ಇರಲಿಲ್ಲ, ಬರೀ ಡಬ್ಬ. ಕದ್ದ ವಿಂಡೋಸ್ ಹಾಕಿಕೊಡ್ತೀನಿ, ಎಲ್ಲರೂ ಅದನ್ನೇ ಹಾಕಿಕೊಳ್ಳೋದು ಅಂದನಂತೆ ಅಂಗಡಿಯವನು. ಕದ್ದಿದ್ದರ ಮೇಲೆ ಪಾಠ ಹೇಳಲ್ಲ ಅಂತ ಟೀಚರ್ ವಾಪಸ್ ಕಳಿಸಿದರು. (ಇಂಥವರು ಈಗಲೂ ಇದ್ದಾರಾ ಅಂತ ಕೇಳಬೇಡಿ. ಇದ್ದಾರೆ. ಅವರಿಗೆ ಕಷ್ಟ ಜಾಸ್ತಿ, ಅಷ್ಟೇ.)

ಕೊನೆಗೆ ಕಂಪ್ಯೂಟರ್ ಮಾಸಿಕವೊಂದರ ಜೊತೆ ಬಂದಿದ್ದ ಲಿನಕ್ಸ್ ಸಿ.ಡಿ. ಹಾಕಿದರು. ಲಿನಕ್ಸ್ ಅಂದರೆ ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ಏರ್ಪಾಡು. ದುಡ್ಡು ಕೊಡಬೇಕಾಗಿಲ್ಲ. ಬೇಕಾದ ಹಾಗೆ ತಿದ್ದಿಕೊಳ್ಳಲೂಬಹುದು.

ನೋಡುವುದಕ್ಕೆ ಅದು ಚೆನ್ನಾಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಮಣ್ಣು ಬಣ್ಣದ ಪರದೆ. ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರ. ಕನ್ನಡ ಬೇಕು ಅಂತ ಆರಿಸಿಕೊಂಡರೆ ಕನ್ನಡ ಬರುತ್ತಿತ್ತು, ಆದರೆ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬಿದ್ದಿರುತ್ತಿದ್ದವು.

ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಲಕ್ಷ್ಮಮ್ಮ ಕೂರುತ್ತಿದ್ದಳು. ಎಸ್ಟೇಟೊಂದರ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅವರ ಮಕ್ಕಳನ್ನು ನೋಡಿಕೊಳ್ಳುವ ಆಯಾ, ಏಳನೇ ಕ್ಲಾಸು ಓದಿದವಳು, ಮಹಿಳಾ ಸಂಘದ ಕಾರ್ಯದರ್ಶಿ. ಮೊದಲ ದಿನ ಅರ್ಧ ಗಂಟೆ ಒದ್ದಾಡಿ ತನ್ನ ಹೆಸರು ಒತ್ತಿದಳು. ಪರದೆಯ ಮೇಲೆ ಕ, ಷ, ಮ ಎಲ್ಲ ಬೇರೆ ಬೇರೆಯಾಗಿ ನಿಂತವು. ತುಂಬ ಹೊತ್ತು ನೋಡಿದಳು.

"ಅಕ್ಕ, ನನ್ನ ಹೆಸ್ರು ಮುರ್ದೋಗೈತೆ" ಅಂದಳು.

ಟೀಚರ್ ಮಾರನೇ ದಿನವೇ, ಲಿನಕ್ಸನ್ನು ಕನ್ನಡಕ್ಕೆ ತರುತ್ತಿದ್ದ ಸ್ವಯಂಸೇವಕರ ಗುಂಪಿಗೆ ಇ-ಮೇಲ್ ಬರೆದರು. ಯಾವ ಫಾಂಟ್ ಹಾಕಬೇಕು, ಎಲ್ಲಿ ಹಾಕಬೇಕು ಅಂತ ಅವರು ವಿವರವಾಗಿ ತಿಳಿಸಿದರು. (ಒಳ್ಳೆಯ ಜನ. ಅದನ್ನೂ ಹೇಳಿಬಿಡಬೇಕು.) ಹದಿನೈದು ದಿನದಲ್ಲಿ ಲಕ್ಷ್ಮಮ್ಮನ ಹೆಸರು ಇಡಿಯಾಗಿ ಮೂಡಿತು.

ಅಲ್ಲಿಂದ ಟೀಚರಿಗೆ ಹಠ ಹಿಡಿಯಿತು. ಮುನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಕಲಿಯುವವರ ಕೈ ಎಲ್ಲಿ ನಿಲ್ಲುತ್ತದೆ, ಕಣ್ಣು ಎಲ್ಲಿ ಹುಡುಕುತ್ತದೆ, ಯಾವ ಮಾತಿಗೆ ಮುಖ ಬಾಡುತ್ತದೆ, ಎಲ್ಲ ಬರೆದುಕೊಂಡರು. ಲಕ್ಷ್ಮಮ್ಮನಿಗೆ ಡಬಲ್ ಕ್ಲಿಕ್ ಆಗುತ್ತಿರಲಿಲ್ಲ. ಎರಡನೇ ಸಲ ಒತ್ತುವಷ್ಟರಲ್ಲಿ ಬಾಣ ಪಕ್ಕಕ್ಕೆ ಜಾರುತ್ತಿತ್ತು. ನನಗೂ ಅಷ್ಟೇ. ಟೀಚರ್ ಹುಡುಕಿ ಹುಡುಕಿ ಒಂದೇ ಸಲ ಒತ್ತಿದರೆ ತೆರೆಯುವ ಹಾಗೆ ಮಾಡಿದರು. ಅಕ್ಷರ ದೊಡ್ಡದು ಮಾಡಿದರು. ಪರದೆ ತುಂಬ ಇದ್ದ ಚಿತ್ರಗಳನ್ನು ತೆಗೆದು, ದಿನಾ ಬೇಕಾದ ಐದನ್ನು ಮಾತ್ರ ಉಳಿಸಿದರು. ಕಾಗದ ಇಡುವ ಜಾಗಕ್ಕೆ ಹಳದಿ ಫೋಲ್ಡರಿನ ಚಿತ್ರ ಇತ್ತು. ಲೈನಿನಲ್ಲಿರುವವರು ಅಂಥ ಫೋಲ್ಡರ್ ಯಾವತ್ತು ನೋಡಿದ್ದಾರೆ? ರೇಷನ್ ಕಾರ್ಡು, ಟಿ.ಸಿ. ಎಲ್ಲ ಇಡುವುದು ಟ್ರಂಕಿನಲ್ಲಿ. ಟೀಚರ್ ಪೆನ್ಸಿಲಿನಲ್ಲಿ ಟ್ರಂಕು ಬರೆದು, ಡಿಟಿಪಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಹಾಕಿದರು.

ಆಮೇಲೆ ಪದಗಳು. ‘ಎಡಿಟ್’ಗೆ ಅದರಲ್ಲಿ ‘ಸಂಪಾದನೆ’ ಅಂತಿತ್ತು. ಇದನ್ನ ಒತ್ತಿದ್ರೆ ಸಂಪಾದನೆ ಆಯ್ತದಾ ಅಂತ ಲಕ್ಷ್ಮಮ್ಮ ಕೇಳಿದ್ದು ತಮಾಷೆಗಲ್ಲ, ನಿಜವಾಗಿಯೇ. ‘ಅನ್ವಯಿಸು’ ಅಂದರೇನು? ‘ಪೂರ್ವನಿಯೋಜಿತ’ ಅಂದರೇನು? ಕಥೆ, ಲೇಖನ ಅಂತ ಮೂವತ್ತು ವರ್ಷ ಕನ್ನಡ ಬರೆದ ನನಗೇ ಗೊತ್ತಾಗಲಿಲ್ಲ. ಟೀಚರ್ ಕಲಿಯುವವರನ್ನೇ ಕೇಳುತ್ತಾ ಹೋದರು. ಬರೆದದ್ದನ್ನು ಜೋಪಾನ ಮಾಡುವುದಕ್ಕೆ ನೀವು ಏನಂತೀರಿ? ಎತ್ತಿಡೋದು ಅಂದರು. ಸೇವ್‌ಗೆ ‘ಎತ್ತಿಡು’ ಆಯಿತು. ಕ್ಯಾನ್ಸಲ್‌ಗೆ ‘ಬೇಡ’. ಅಪ್ಲೈಗೆ ‘ಹೀಗೇ ಇರಲಿ’. ಅನ್‌ಡೂಗೆ ‘ಮೊದಲಿನಂತೆ ಮಾಡು’. ಹೀಗೆ ಇನ್ನೂರಕ್ಕೂ ಹೆಚ್ಚು ಪದ. ಒಂದೊಂದನ್ನೂ ಟೀಚರ್ ತಾವೇ ಕಂಪ್ಯೂಟರಿನೊಳಗೆ ತಿದ್ದಿದರು. ಟೈಪಿಂಗ್ ಟೀಚರಿಗೆ ಬೆರಳಿನ ಕೆಲಸ ಏನು ಕಷ್ಟ?

ಇದರಿಂದ ಏನಾಯಿತು ಅಂತ ಹೇಳುತ್ತೇನೆ. ಲೈನಿನ ಹೆಂಗಸರಿಗೆ ಒಂದು ನಲ್ಲಿ ಬೇಕಿತ್ತು. ಹಿಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಹತ್ತಿರ ಅರ್ಜಿ ಬರೆಸಿದ್ದರು. ಆತ ನಲ್ಲಿ ಎಸ್ಟೇಟ್ ಆಫೀಸಿನ ಮುಂದೆ ಬೇಕು ಅಂತ ಬರೆದಿದ್ದ. ಕೈಯಲ್ಲಿ ಬರೆದು ಕೊಟ್ಟರೆ ಪಂಚಾಯ್ತಿಯಲ್ಲಿ ಯಾರೂ ಮೂಸುವುದಿಲ್ಲ. ಲಕ್ಷ್ಮಮ್ಮ ನಾಲ್ಕು ದಿನ ಕೂತು, ನಲ್ಲಿ ಲೈನಿನ ಮುಂದೆ ಬೇಕು ಅಂತ ತಾನೇ ಟೈಪ್ ಮಾಡಿದಳು. ‘ಎತ್ತಿಡು’ ಒತ್ತಿದಳು. ಪ್ರಿಂಟ್ ತೆಗೆದುಕೊಂಡು ಹೋದಳು. ಅರ್ಜಿ ಪಡೆದಿದ್ದಕ್ಕೆ ಸೀಲ್ ಹಾಕಿಸಿಕೊಂಡು ಬಂದು ನಮಗೆಲ್ಲ ತೋರಿಸಿದಳು. ಆವತ್ತು ಟೀಚರ್ ಎಲ್ಲರಿಗೂ ಕಾಫಿ ತರಿಸಿದರು.

ಅದೇ ಸಮಯಕ್ಕೆ ಮಹಿಳಾ ಸಂಘದವರಿಗೆ ಕಂಪ್ಯೂಟರ್ ತರಬೇತಿ ಕೊಡುವ ಯೋಜನೆ ಬಂತು. ತಾಲ್ಲೂಕಿಗೆ ಒಂದು ಕೇಂದ್ರ. ಅಧಿಕಾರಿಯೊಬ್ಬರು ಟೀಚರ ಇನ್‌ಸ್ಟಿಟ್ಯೂಟ್ ನೋಡಲು ಬಂದರು. ಲಕ್ಷ್ಮಮ್ಮ ಟೈಪ್ ಮಾಡುವುದನ್ನು ನಿಂತು ನೋಡಿ ತಲೆದೂಗಿದರು. ಆದರೆ ಇದು ನಿಮ್ಮ ನಾಲ್ಕು ಕಂಪ್ಯೂಟರಿನಲ್ಲಿ ಮಾತ್ರ ಇರುವ ಕನ್ನಡ, ಮೇಲಿನವರು ಕೇಳಿದರೆ ನಾನು ಏನು ಹೇಳಲಿ ಅಂದರು. ಲಿನಕ್ಸಿನ ಮುಂದಿನ ಕನ್ನಡ ಸಿ.ಡಿ.ಯಲ್ಲಿ ಈ ಪದಗಳು ಬಂದರೆ ತಕ್ಷಣ ಸಹಿ ಹಾಕುತ್ತೇನೆ ಅಂತ ಮಾತು ಕೊಟ್ಟರು. ಮನುಷ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮುಂದಿನ ಸಿ.ಡಿ.ಯ ಪದಗಳನ್ನು ತೀರ್ಮಾನಿಸಲು ಹಾಸನದಲ್ಲಿ ಒಂದು ಭಾನುವಾರ ಸಭೆ ಇಟ್ಟುಕೊಂಡಿದ್ದರು. ಪದಗಳಿದ್ದರೆ ಅಲ್ಲಿಗೇ ತನ್ನಿ ಅಂತ ಗುಂಪಿನವರು ಟೀಚರಿಗೆ ಬರೆದಿದ್ದರು. ಅದೇ ಭಾನುವಾರ ಟೈಪಿಂಗ್ ಪರೀಕ್ಷೆ. ಟೀಚರೇ ಮೇಲ್ವಿಚಾರಕಿ, ಬಿಟ್ಟು ಬರುವ ಹಾಗಿಲ್ಲ. ಆ ಸಭೆಗೆ ಮುಖ್ಯ ಅತಿಥಿ ಯಾರು ಗೊತ್ತಾ? ನಾನು. ಮೌಸ್ ಕಲಿತ ಪಾಡನ್ನು ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ, ಅದನ್ನು ಓದಿ ಕರೆದಿದ್ದರು.

ಟೀಚರ್ ನೋಟ್‌ಬುಕ್ಕಿಗೆ ಬೈಂಡ್ ಹಾಕಿಸಿ ನನ್ನ ಕೈಗೆ ಕೊಟ್ಟರು. "ನಾನು ಹೇಳಿದ್ರೆ ಯಾರೋ ಟೈಪಿಂಗ್ ಟೀಚರ್ ಅಂತಾರೆ. ನೀವು ಹೇಳಿ ಗೌಡ್ರೆ, ಕೇಳ್ತಾರೆ" ಅಂದರು.

ಸಭೆಯಲ್ಲಿ ಮೂವತ್ತು ಜನ ಇದ್ದರು. ಅಧ್ಯಕ್ಷರು ನಿವೃತ್ತ ಕನ್ನಡ ಪ್ರಾಧ್ಯಾಪಕರು, ದೊಡ್ಡ ವಿದ್ವಾಂಸರು. ಒಂದೊಂದು ಇಂಗ್ಲಿಷ್ ಪದಕ್ಕೂ ಎರಡು ಮೂರು ಸಂಸ್ಕೃತ ಪದ ಹೇಳಿ, ಅದರ ಧಾತು ಯಾವುದು ಅಂತ ಬಿಡಿಸಿಡುತ್ತಿದ್ದರು. ಸೇವ್ ಪದದ ಸರದಿ ಬಂತು. ನಾನು ಗಂಟಲು ಸರಿಮಾಡಿಕೊಂಡು, ಎತ್ತಿಡು ಅಂತ ಒಂದು ಸಲಹೆ ಇದೆ ಅಂದೆ.

ಪ್ರಾಧ್ಯಾಪಕರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಎತ್ತಿಡೋದಕ್ಕೆ ಇದೇನು ಸ್ವಾಮಿ, ನಿನ್ನೆಯ ಸಾರೇ?"

ಸಭೆ ನಕ್ಕಿತು. ಸಭೆ ನಕ್ಕರೆ ನಗಲಿ. ನಾನೂ ನಕ್ಕೆ.

ಅಷ್ಟೇ ಅಲ್ಲ. ಯಾರ ಸಲಹೆ ಅಂತ ಯಾರೋ ಕೇಳಿದರು. ನಮ್ಮ ಕಡೆ ಒಬ್ಬರು ಟೈಪಿಂಗ್ ಟೀಚರ್, ಏನೋ ಉತ್ಸಾಹ ಪಾಪ, ಅಂದೆ. ಆ ‘ಪಾಪ’ ನನ್ನ ಬಾಯಿಂದಲೇ ಬಂತು. ನೋಟ್‌ಬುಕ್ ಚೀಲದಲ್ಲೇ ಉಳಿಯಿತು. ಒಂದೇ ಕ್ಲಿಕ್ಕಿನ ವಿಷಯ, ದೊಡ್ಡ ಅಕ್ಷರದ ವಿಷಯ, ಟ್ರಂಕಿನ ಚಿತ್ರ? ಇವಕ್ಕೆ ಯಾವ ವಿದ್ವಾಂಸರ ಅಡ್ಡಿಯೂ ಇರುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ. ಮತ್ತೆ ಯಾರಾದರೂ ನಕ್ಕರೆ? ಕೊನೆಗೆ ಭಾಷಣ ಮಾಡಿದೆ. ಕನ್ನಡದ ಘನತೆ ಕಾಪಾಡುತ್ತಿದ್ದೀರಿ ಅಂತ ಹೊಗಳಿದೆ. ಶಾಲು ಹೊದಿಸಿದರು. ಹೊದ್ದುಕೊಂಡೆ.

ಊಟದ ಹೊತ್ತಿನಲ್ಲಿ ರೂಪಾ ಅನ್ನುವ ಇಂಜಿನಿಯರ್ ಹುಡುಗಿ ಹತ್ತಿರ ಬಂದಳು. ಸಿ.ಡಿ. ತಯಾರಿಸುವವಳು ಅವಳೇ. ಟೀಚರ ಪಟ್ಟಿ ಇದ್ದರೆ ಕೊಡಿ ಸರ್, ತಿಂಗಳೊಳಗೆ ಸಿಕ್ಕರೆ ಸೇರಿಸೋಕೆ ನೋಡ್ತೀನಿ ಅಂದಳು. ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿತು. ಪೋಸ್ಟ್ ಮಾಡ್ತೀನಮ್ಮ ಅಂದೆ. ಅವಳ ಫೋನ್ ನಂಬರ್ ಬರೆದುಕೊಂಡೆ.

ಮಾಡಲಿಲ್ಲ. ಕಾಫಿ ಕುಯ್ಲು ಇತ್ತು, ಕರೆಂಟ್ ಇರಲಿಲ್ಲ, ಪೋಸ್ಟಾಫೀಸಿಗೆ ಹೋಗಲು ಪುರುಸೊತ್ತಿರಲಿಲ್ಲ ಅಂತ ಬರೆಯಬಹುದು. ಬರೆದರೆ ನೀವು ನಂಬಲೂಬಹುದು. ನಿಜ ಏನೆಂದರೆ ಆ ಪುಸ್ತಕ ಕಂಡಾಗೆಲ್ಲ ಆ ನಗು ಕೇಳಿಸುತ್ತಿತ್ತು. ಪುಸ್ತಕವನ್ನು ಬೀರುವಿನೊಳಗೆ ಹಾಕಿಬಿಟ್ಟೆ. ಟೀಚರಿಗೆ, ನೋಡ್ತೀವಿ ಅಂದಿದ್ದಾರೆ ಅಂತ ಹೇಳಿದೆ.

ಅವರು ನಂಬಿಕೊಂಡು ಕಾದರು. ಲಕ್ಷ್ಮಮ್ಮ ಮತ್ತು ಅವಳ ಸಂಘದ ಹನ್ನೊಂದು ಹೆಂಗಸರೂ ಕಾದರು. ಅಧಿಕಾರಿಯೂ ಎರಡು ಸಲ ಫೋನ್ ಮಾಡಿ ಕೇಳಿದರಂತೆ.

ಹೊಸ ಸಿ.ಡಿ. ಬಂತು. ಸೇವ್‌ಗೆ ‘ಸಂರಕ್ಷಿಸು’ ಅಂತಿತ್ತು. ಡಬಲ್ ಕ್ಲಿಕ್ಕು ಹಾಗೇ ಇತ್ತು. ಟೀಚರ ಒಂದು ಪದವೂ ಇರಲಿಲ್ಲ. ಜೊತೆಯಲ್ಲಿ ಸಭೆಯ ವರದಿ ಅಚ್ಚಾಗಿತ್ತು. ಸಮಿತಿಯ ಪದಗಳಿಗೆ ಮುಖ್ಯ ಅತಿಥಿಗಳು ಮುಕ್ತಕಂಠದಿಂದ ಮೆಚ್ಚುಗೆ ಸೂಚಿಸಿದರು ಅಂತ ನನ್ನ ಹೆಸರಿನ ಸಮೇತ.

ಟೀಚರ್ ಕರೆಸಿದರು. ಹೋದೆ. ವರದಿ ಮೇಜಿನ ಮೇಲಿತ್ತು.

"ಪುಸ್ತಕ ಚೀಲದಿಂದ ಆಚೆ ತೆಗೆದ್ರಾ, ಗೌಡ್ರೆ?"

ಇಲ್ಲ ಅಂದೆ. ಆ ಮೂರು ತಿಂಗಳಲ್ಲಿ ನಾನು ಆಡಿದ ಮೊದಲ ನಿಜ ಅದು.

ಅವರು ಬೈಯಲಿಲ್ಲ. ಬೆಂಚಿನ ಮೇಲೆ ಕೂರಿಸಿ ಬೈದಿದ್ದರೆ ಎಷ್ಟು ಹಿತವಾಗಿರುತ್ತಿತ್ತು. ಪುಸ್ತಕ ವಾಪಸ್ ತಂದುಕೊಡಿ ಅಂದರು. ತಂದುಕೊಟ್ಟೆ. ಹಾಳೆಗಳು ಸರಿಯಾಗಿವೆಯೇ ಅಂತ ಒಮ್ಮೆ ತಿರುವಿ ನೋಡಿ, ಪರೀಕ್ಷೆಯ ಹಳೇ ಪೇಪರುಗಳ ಕೆಳಗೆ ಇಟ್ಟರು.

ತರಬೇತಿ ಬೇರೆ ಕೇಂದ್ರಕ್ಕೆ ಹೋಯಿತು. ಅಲ್ಲಿ ಎಲ್ಲ ಇಂಗ್ಲಿಷ್. ಲಕ್ಷ್ಮಮ್ಮ ಮೂರು ದಿನ ಹೋಗಿ ಬಿಟ್ಟಳು. ಸಂಘದ ಕಾಗದಗಳನ್ನು ಮತ್ತೆ ರೈಟರ್ ಬರೆಯುತ್ತಿದ್ದಾನೆ. ನಲ್ಲಿ ಎಲ್ಲಿ ಬೇಕು ಅಂತ ಪಂಚಾಯ್ತಿ ಕೇಳಿದಾಗ ಉತ್ತರ ಬರೆದವನೂ ಅವನೇ. ನಲ್ಲಿ ಬಂದಿದೆ. ಆಫೀಸಿನ ಮುಂದೆ. ಹೋದ ವಾರ ಕುಂದೂರಿನ ಬಸ್ಸಿನಲ್ಲಿ ಸಿಕ್ಕಿದ್ದಳು. ಕಂಪ್ಯೂಟರ್ ಬಿಟ್ಟೆಯಾ ಅಂತ ಕೇಳಿದೆ. ನನಗೆ ತಲೆ ಇಲ್ಲ ಬುಡಿ ಗೌಡ್ರೆ ಅಂದಳು. ತನಗೇ ತಲೆ ಇಲ್ಲ ಅಂತ ಅವಳು ತಿಳಿದುಕೊಂಡಿದ್ದಾಳೆ. ಅದು ಹಾಗಲ್ಲ ಕಣಮ್ಮ ಅಂತ ಹೇಳಬೇಕಾಗಿತ್ತು. ಅಷ್ಟರಲ್ಲಿ ಅವಳ ಸ್ಟಾಪ್ ಬಂತು.

ಟೀಚರ ನಾಲ್ಕು ಕಂಪ್ಯೂಟರಿನಲ್ಲೂ ಈಗ ಇಂಗ್ಲಿಷ್ ಇದೆ. ಬಂದವರು ಕೇಳೋದನ್ನೇ ಕಲಿಸಬೇಕಲ್ಲ ಅಂತಾರೆ. ನನ್ನ ಹತ್ತಿರ ಮಾತಾಡುತ್ತಾರೆ, ಮರ್ಯಾದೆಯಿಂದಲೇ. ‘ಗೌಡ್ರೆ’ ಹೋಗಿ ‘ಸಾರ್’ ಆಗಿದೆ.

ಮೊನ್ನೆ ಧೈರ್ಯ ಮಾಡಿ ರೂಪಾಗೆ ಫೋನ್ ಮಾಡಿದೆ. ಆ ಟೀಚರ ಕೆಲಸ ಎಂಥದ್ದು ಅಂತ ಒಂದೇ ಉಸಿರಿಗೆ ಹೇಳಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಕನ್ನಡದ ಕೆಲಸಕ್ಕೆ ಜನ ಸಾಲದೆ ಗುಂಪು ಚದುರಿದೆ, ತಾನೂ ಬಿಟ್ಟೆ ಅಂದಳು. ಆಮೇಲೆ ಬೇಜಾರಿನಿಂದಲೇ ಕೇಳಿದಳು.

"ಇಷ್ಟೆಲ್ಲ ಮಾಡಿದೋರು ಅದನ್ನ ನಮಗೆ ಯಾಕೆ ಕಳಿಸಲಿಲ್ಲ ಸರ್?"

ಕಳಿಸಿದ್ದರು. ನನ್ನ ಕೈಯಲ್ಲಿ ಕಳಿಸಿದ್ದರು, ಅದೊಂದೇ ಅವರು ಮಾಡಿದ ತಪ್ಪು.