ಪಕ್ಕದ ಕಟ್ಟಡ ಬೀಳಲಿಲ್ಲ

ಕೋವಿಡ್ ಬರುವ ಹಿಂದಿನ ವರ್ಷ. ನಾನಾಗ ಮುಂಬಯಿ ಪಕ್ಕದ ಠಾಣೆ ನಗರದ ಒಂದು ಖಾಸಗಿ ಸಂಸ್ಥೆಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಹಳೆಯ ಕಟ್ಟಡಗಳು ಇನ್ನೆಷ್ಟು ತಾಳಿಯಾವು ಎಂದು ಪರೀಕ್ಷಿಸಿ ವರದಿ ಕೊಡುವ ಸ್ಟ್ರಕ್ಚರಲ್ ಆಡಿಟ್ ನನ್ನ ಕೆಲಸ. ಮಳೆಗಾಲಕ್ಕೆ ಮುಂಚೆ ಡೊಂಬಿವಲಿ ಪೂರ್ವದ ನಾಲ್ಕು ಮಹಡಿಯ ಹೌಸಿಂಗ್ ಸೊಸೈಟಿಯೊಂದರಿಂದ ಕರೆ ಬಂತು. ಅಡುಗೆಮನೆಯೊಂದರ ಚಾವಣಿಯ ಸ್ಲ್ಯಾಬಿನಿಂದ ಕಾಂಕ್ರೀಟ್ ಕಳಚಿ ಒಲೆಯ ಮೇಲೆ ಬಿದ್ದಿತ್ತು.

ಸೊಸೈಟಿಯ ಸೆಕ್ರೆಟರಿ ಹಿರೇಮಠರು ಗದಗಿನ ಕಡೆಯವರು, ಬಟ್ಟೆ ವ್ಯಾಪಾರ ಮಾಡಿ ವಿಶ್ರಾಂತರಾದವರು. ನಾನು ಮೈಸೂರಿನವಳೆಂದು ತಿಳಿದೊಡನೆ ಮರಾಠಿ ಬಿಟ್ಟು ಕನ್ನಡಕ್ಕೆ ತಿರುಗಿದರು. ಕಂಬಗಳನ್ನು ಕೊರೆದು ಕಾಂಕ್ರೀಟಿನ ತುಂಡು ತೆಗೆಯುವ ಕೋರ್ ಟೆಸ್ಟ್ ಮಾಡಿಸಿದೆವು. ಕೆಲವು ತುಂಡುಗಳು ಇಡಿಯಾಗಿ ಹೊರಬರಲೇ ಇಲ್ಲ, ಪುಡಿಯಾದವು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಪದರು ಪದರಾಗಿ ಎದ್ದಿತ್ತು. ದುರಸ್ತಿಯ ಹಂತ ಮೀರಿತ್ತು.

ಅದನ್ನು ಹೇಳಿದಾಗ ಸಭೆಯಲ್ಲಿ ಗದ್ದಲವೆದ್ದಿತು. ಮಂಜೂರಾತಿಯೇ ಇಲ್ಲದೆ ಕಟ್ಟಿದ ಕಟ್ಟಡ, ಬಿಲ್ಡರ್ ಎಂದೋ ನಾಪತ್ತೆ. ಕೆಡವಿದರೆ ಹೊಸದಕ್ಕೆ ಪರವಾನಗಿ ಸಿಗುವ ಭರವಸೆಯಿಲ್ಲ. ಹಿರೇಮಠರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಖರೇ ಹೇಳ್ರಿ. ಇದು ನಿಮ್ಮ ಮನಿ ಆಗಿದ್ರ ಇವತ್ತ ಇಲ್ಲಿ ಮಲಗ್ತಿದ್ರೇನು?"

"ಇಲ್ಲ" ಎಂದೆ.

ಅವರು ಮನೆಮನೆ ಹತ್ತಿಳಿದು ಎಲ್ಲರನ್ನೂ ಒಪ್ಪಿಸಿದರು. ತಾವೇ ಮೊದಲು ಹೆಂಡತಿಯೊಡನೆ ಬದಲಾಪುರದ ಬಾಡಿಗೆ ಮನೆಗೆ ಹೊರಟರು. ಉಳಿದವರು ದಿವಾ, ಕಲ್ಯಾಣ್ ಎಂದು ಚದುರಿದರು. ಮಳೆ ಹಿಡಿಯುವ ಮುನ್ನ ಕಟ್ಟಡ ನೆಲಸಮವಾಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿದರು.

ಪಕ್ಕದಲ್ಲೇ ಅದೇ ಬಿಲ್ಡರ್ ಅದೇ ಕಾಲಕ್ಕೆ ಎಬ್ಬಿಸಿದ ಇನ್ನೊಂದು ಕಟ್ಟಡವಿತ್ತು. ಅಲ್ಲಿಯವರು ನಮ್ಮನ್ನು ಒಳಗೆ ಬಿಡಲಿಲ್ಲ. ದುರಸ್ತಿ ಸಾಕೆಂಬ ಸರ್ಟಿಫಿಕೇಟನ್ನು ಬೇರೆ ಯಾರಿಂದಲೋ ತಂದು, ಬಿರುಕುಗಳಿಗೆ ಪ್ಲಾಸ್ಟರ್ ಮೆತ್ತಿ, ಬಣ್ಣ ಹೊಡೆಸಿಕೊಂಡರು.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಕಲ್ಯಾಣ್ ಸ್ಟೇಷನ್ನಿನಲ್ಲಿ ಹಿರೇಮಠರು ಸಿಕ್ಕರು. ಬಹಳ ಇಳಿದುಹೋಗಿದ್ದರು. ಆ ಜಾಗ ಇನ್ನೂ ಖಾಲಿ, ರಿಕ್ಷಾ ನಿಲ್ಲಿಸುತ್ತಾರೆ ಎಂದರು. ಹಳೆಯ ನೆರೆಯವರ ಮದುವೆ-ಮುಂಜಿಗೆ ಅವರಿಗೆ ಕರೆಯಿರಲಿಲ್ಲ. ಈ ಹಿರೇಮಠ ಕಾಕಾನ ಮಾತು ಕೇಳಿ ಬೀದಿಗೆ ಬಿದ್ದೆವು, ಪಕ್ಕದ ಕಟ್ಟಡದವರು ನೋಡಿ, ಸ್ವಂತ ಮನೆಯಲ್ಲೇ ಇದ್ದಾರೆ ಎನ್ನುತ್ತಾರಂತೆ.

ಆಮೇಲೆ ದನಿ ತಗ್ಗಿಸಿದರು. "ಆ ಬಿಲ್ಡಿಂಗ್ ಒಮ್ಮೆ ಬಿದ್ದಬಿಡ್ಲಿ ಅಂತ ಅನಸ್ತದ್ರಿ ಮೇಡಂ. ಒಳಗ ಮಂದಿ ಅದಾರ, ಸಣ್ಣ ಹುಡುಗ್ರು ಅದಾರ. ಗೊತ್ತಿದ್ದೂ ಅನಸ್ತದ. ನಾ ಇಂಥ ಮನಶ್ಯಾ ಇರಲಿಲ್ರಿ."

ಅವರ ಲೋಕಲ್ ರೈಲು ಬಂತು, ಹತ್ತಿ ಹೋದರು.

ಅಲ್ಲಿಂದಾಚೆ ಪ್ರತಿ ವರದಿಯಲ್ಲೂ, ತೆರವಿನ ಶಿಫಾರಸಿನ ಕೆಳಗೆ, ಇಲ್ಲಿ ಇರುವವರು ಇನ್ನು ಎಲ್ಲಿಗೆ ಹೋಗಬೇಕು ಎಂದೊಂದು ಪ್ರಶ್ನೆ ಸೇರಿಸುತ್ತಿದ್ದೆ. ಅದು ಇಂಜಿನಿಯರ್ ಬರೆಯುವ ಮಾತಲ್ಲವೆಂದು ಮೇಲಿನವರು ಹೊಡೆದುಹಾಕುತ್ತಿದ್ದರು. ಸಾವಿನಿಂದ ಉಳಿದ ಜೀವಕ್ಕೆ ಸಾಕ್ಷಿಯಿರುವುದಿಲ್ಲ. ಹೋದ ಮನೆಯನ್ನು ಮಾತ್ರ ಎಲ್ಲರೂ ಕಾಣುತ್ತಾರೆ. ನಿಜ ಹೇಳುವುದು ನನ್ನ ವೃತ್ತಿಯಾಗಿತ್ತು. ಅದರ ಬೆಲೆ ತೆತ್ತವರು ನನ್ನನ್ನು ನಂಬಿದವರು.