ಹಂಪವ್ವ ಬಾಡಿಗೆಗೆ ಒಯ್ದ ಬಾಗಿಲು

ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ನಮ್ಮ ಪೇಟೆಗೆ ಮೊದಲ ಸಲ ಬಂದವರು, ಇಲ್ಲಿ ಕಳ್ಳರೇ ಇಲ್ಲವೆಂದು ಹೊಗಳಿ ಹೋಗುತ್ತಿದ್ದರು. ಬಡವರ ಓಣಿಯಲ್ಲಿ ಒಂದು ಮನೆಗೂ ಕದವಿರಲಿಲ್ಲ, ಗೋಣಿತಟ್ಟು ತೂಗುತ್ತಿತ್ತು. ನಿಜ ಸಂಗತಿ ಬೇರೆ. ಅದು ನಿಜಾಮರ ಕಾಲ, ೧೯೩೮ರ ಸುಮಾರು. ಬಾಗಿಲು ನಿಲ್ಲಿಸಿದ ದಿನದಿಂದ ಮನೆಪಟ್ಟಿ, ಅಂದರೆ ಮನೆ ತೆರಿಗೆ, ಶುರು ಎಂಬುದು ಊರ ಕಮಿಟಿಯ ಕಾನೂನು. ಬಾಗಿಲಿಲ್ಲದ್ದು ಇನ್ನೂ ಕಟ್ಟುತ್ತಿರುವ ಮನೆ, ಅದಕ್ಕೆ ಪಟ್ಟಿ ಇಲ್ಲ. ಹೀಗಾಗಿ ಜನ ವರ್ಷಗಟ್ಟಲೆ ಮನೆ ಕಟ್ಟುತ್ತಲೇ ಇದ್ದರು, ಒಳಗೆ ಸಂಸಾರವನ್ನೂ ಮಾಡುತ್ತಿದ್ದರು. ಕದ, ಚಿಲಕ ಮಾರುವ ನನಗೆ ಈ ಕಾನೂನಿನ ಮೇಲೆ ಎಷ್ಟು ಪ್ರೀತಿ ಇತ್ತೆಂದು ಹೇಳಬೇಕಾಗಿಲ್ಲ.

ಹಂಪವ್ವ ಆ ಓಣಿಯವಳು. ಗಂಡ ತೀರಿದ ಮೇಲೆ ಗೋಡೆಯ ಮಣ್ಣು ತುಳಿಯುವ ಕೂಲಿಗೆ ನಿಂತಳು. ಪೇಟೆಯ ಅರ್ಧ ಗೋಡೆಗಳಲ್ಲಿ ಅವಳ ಹೆಜ್ಜೆ ಇದೆ, ನನ್ನ ಅಂಗಡಿಯದೂ ಸೇರಿ. ಸಂಜೆ ಬಂದು ತನಗಾಗಿ ತುಳಿದು, ಒಂದು ಅಂಕಣದ, ಎಂದರೆ ಒಂದೇ ಕೋಣೆಯ, ಮಣ್ಣಿನ ಮಾಳಿಗೆಯ ಮನೆ ಎಬ್ಬಿಸಿದ್ದಳು. ಪಟ್ಟಿ ಬಿದ್ದರೆ ತುಂಬಲಾಗದು, ತುಂಬದಿದ್ದರೆ ಮನೆ ಜಪ್ತಿ. ಅದಕ್ಕೇ ಗೋಣಿತಟ್ಟು.

ಮಗಳು ಪಾರಮ್ಮನಿಗೆ ಇರಕಲ್ಲಗಡದ ಸಂಬಂಧ ಗೊತ್ತಾಯಿತು. ವರನ ಅಜ್ಜಿ ಮುದುಕಮ್ಮ ಮನೆ ನೋಡಿ ತಕರಾರು ತೆಗೆದಳು. "ಹೊಸ್ತಿಲಾ ಪೂಜಿ ಮಾಡಿ ಹುಡುಗಿ ಹೊರಗ ಬರಬೇಕಬೇ. ನಿಮ್ಮಲ್ಲಿ ಗೋಣಿಚೀಲಕ್ಕ ಅರಿಶಿಣ ಹಚ್ಚೂದೇನು?"

ಹಂಪವ್ವ ನೆಟ್ಟಗೆ ಅಂಗಡಿಗೆ ಬಂದಳು. "ಸಾವ್ಕಾರ್ರ, ಒಂದು ಬಾಗಲಾ ಬಾಡಿಗಿ ಕೊಡ್ರಿ. ಮದುವಿ ಮುಗಿದ ಮರುದಿನ ತಂದಿಡ್ತೀನಿ."

"ಪಾತ್ರಿ ಬಾಡಿಗಿ ಕೇಳಿದ್ದೆ ಹಂಪವ್ವ. ಬಾಗಲಾ ಬಾಡಿಗಿ ಕೇಳೂದು ಹೊಸಾದು."

"ಕದಾ ಮಾರಲಾರದ ಕುಂತೀರಿ. ಬಾಡಿಗಿಯಾದ್ರೂ ಬರಲಿ."

ಮಾತು ಸರಿಯಿತ್ತು. ಚೌಕಟ್ಟು, ಹೊಸ್ತಿಲು ಸಮೇತ ಕಳಿಸಿದೆ.

ಮದುವೆಯಲ್ಲಿ ಹೋಳಿಗೆ ಉಣ್ಣಲು ಬಂದ ಪಟ್ಟಿ ಗುಮಾಸ್ತ ಶಬ್ಬೀರಸಾಬ ಬಾಗಿಲೆದುರು ನಿಂತುಬಿಟ್ಟ. "ನಾ ನೋಡಬಾರದಿತ್ತವ್ವಾ. ನೋಡೀನಿ. ಇನ್ನ ಬರಕೋಬೇಕಾಗ್ತೈತಿ."

ಪಾರಮ್ಮನ ಕೈಯಲ್ಲಿ ಅರಿಶಿಣದ ಬಟ್ಟಲು ಹಾಗೇ ನಿಂತಿತು. ಹಂಪವ್ವ ನನ್ನತ್ತ ತಿರುಗಿದಳು. ನಾನು ಕಮಿಟಿಯ ಮೆಂಬರನೂ ಹೌದು.

"ಬರಕೊಳ್ರಿ ಸಾಬ್ರ. ಸಾವ್ಕಾರ್ರ, ನಿಮ್ಮ ಎರಡು ಮನಿ ಕೀಲಿ ಹಾಕ್ಕೊಂಡು ನಿಂತಾವು. ಮಂದಿ ಇಲ್ಲಂತ ಅವಕ್ಕ ಪಟ್ಟಿ ಮಾಫಿ. ನನ್ನ ಮನ್ಯಾಗ ಮಂದಿ ಅದಾರಂತ ನನಗ ಪಟ್ಟಿ. ಇದ್ಯಾವ ಹಿಸಾಬ್ರಿ?"

ಶಬ್ಬೀರಸಾಬ ಹೋಳಿಗೆಯ ಕಡೆ ನೋಡತೊಡಗಿದ. ನನಗೆ ನೋಡಲು ಅದೂ ಸಿಗಲಿಲ್ಲ. "ನಾಳಿ ಕಮಿಟಿ ಕೂಡತೈತಿ. ಅಲ್ಲೀತನಕಾ ಬರಿಯೂದು ಬ್ಯಾಡ" ಎಂದೆ. ಪಾರಮ್ಮ ಹೊಸ್ತಿಲಿಗೆ ಅರಿಶಿಣ ಹಚ್ಚಿ ದಾಟಿದಳು.

ಧರ್ಮದ ಮಾತಾಡಿದರೆ ನಮ್ಮ ಮೆಂಬರರಿಗೆ ತೂಕಡಿಕೆ ಬರುತ್ತದೆ. ಆದ್ದರಿಂದ ಮರುದಿನ ಕಮಿಟಿಯಲ್ಲಿ ವ್ಯಾಪಾರದ ಮಾತಾಡಿದೆ: ಒಂದು ಅಂಕಣದ ಮನೆಗೆ ಪಟ್ಟಿ ಬಿಡೋಣ, ಕೀಲಿ ಹಾಕಿದ ಮನೆಗೆ ಹಾಕೋಣ, ಕಮಿಟಿಯ ಬೊಕ್ಕಸಕ್ಕೆ ಏನೂ ಕಡಿಮೆಯಾಗದು.

"ನಿಮ್ಮವೂ ಎರಡು ಅದಾವಲ್ರೀ" ಎಂದು ಮೆಂಬರ ದೇವೇಂದ್ರಪ್ಪ ನಕ್ಕರು.

"ಅದು ನನಗ ನಿನ್ನೀನ ಮಂದಿ ಮುಂದ ತಿಳಿಸ್ಯಾರ್ರಿ."

ಕಾನೂನು ಬದಲಾಯಿತು. ಓಣಿಯ ಗೋಣಿತಟ್ಟುಗಳೆಲ್ಲ ಇಳಿದವು. ನನ್ನಲ್ಲಿ ಕದ ಸಾಲಲಿಲ್ಲ. ಪಟ್ಟಿಯ ದುಡ್ಡಾದರೂ ಹುಟ್ಟಲೆಂದು ನನ್ನ ಎರಡು ಮನೆಗಳನ್ನೂ ಅಗ್ಗದ ಬಾಡಿಗೆಗೆ ಕೊಟ್ಟೆ. ಖಾಲಿ ಬಿಟ್ಟ ಮಾಳಿಗೆ ತಾನಾಗಿಯೇ ಸೋರಿ ಕುಸಿಯುತ್ತದೆ. ಒಲೆ ಹೊತ್ತುವ ಮನೆಯ ಜಂತಿಗೆ ಹುಳು ಹತ್ತದು. ಹಂಪವ್ವನಿಂದ ನನ್ನ ಮನೆಗಳೂ ಉಳಿದವು. ವ್ಯಾಪಾರಸ್ಥ ಇಂಥದನ್ನು ಗಿರಾಕಿಯ ಎದುರು ಹೇಳಬಾರದು, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಪಾರಮ್ಮನಿಗೀಗ ಎರಡು ಮಕ್ಕಳು. ದೀಪಾವಳಿಗೆ ಅಂಗಡಿಯ ಪೂಜೆಗೆ ಬಂದಾಗಲೆಲ್ಲ ಹಂಪವ್ವ ಕೇಳುತ್ತಾಳೆ, "ಸಾವ್ಕಾರ್ರ, ಬಾಗಲಾ ತಂದಿಡಲೇನ್ರಿ?"

"ಮದುವಿ ಪೂರಾ ಮುಗೀಲಿ ತಡಿಯವ್ವ" ಎನ್ನುತ್ತೇನೆ.