ಮೋಲಿ ಡೌನಿಗೆ ದಮ್ಮು ಸಾಲದು

ಗೊಬ್ನೆಟ್ ಲೂಸಿ ರೇಡಿಯೋ ಕೇಂದ್ರದ ಮೆಟ್ಟಿಲಿಳಿದು ಬೀದಿಗೆ ಬಂದಾಗ ಬಿಸಿಲು ಬಿದ್ದಿತ್ತು. ಅದನ್ನು ಕಂಡದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಜನವರಿ ಇಡೀ ಸುರಿದು ಹೊಲಗಳನ್ನೆಲ್ಲ ಗಂಜಿ ಮಾಡಿದ್ದ ಮಳೆ ಶುಕ್ರವಾರ ನಿಂತಿತ್ತು. ಶನಿವಾರ ರಾತ್ರಿ ಮತ್ತೆ ಬಂದೇ ಬರುತ್ತದೆ ಎಂದು ಹವಾಮಾನದವರು ಆಣೆ ಮಾಡಿದವರ ಹಾಗೆ ಹೇಳಿದ್ದರು. ಒಂದು ಹನಿ ಬಿದ್ದಿರಲಿಲ್ಲ. ಮೇಲಿಂದ ಮೂಡಣ ಗಾಳಿ ಬೇರೆ. ಹಗ್ಗದ ಮೇಲಿನ ಬಟ್ಟೆಯನ್ನು ಒಣಗಿಸುವ ಹಾಗೆ ಅದು ನೆಲವನ್ನು ಒಣಗಿಸುತ್ತಿತ್ತು. ಅವಳೋ ಈಗಷ್ಟೇ ಮೈಕಿನ ಮುಂದೆ ಕೂತು, ಕಿಲ್‌ಕೊರ್ನಿಯ ಓಟದ ಬಯಲಲ್ಲಿ ಇವತ್ತು ಕೆಸರು ತುಳಿಯಬಲ್ಲ ಕುದುರೆಗಳದೇ ದಿನ ಎಂದು ಕಾರ್ಕ್ ಸೀಮೆಯ ಅರ್ಧ ಜನಕ್ಕೆ ಹೇಳಿ ಬಂದಿದ್ದಳು.

"ಬಾ ಬಾ, ಈಗ ಬಾ," ಎಂದು ಸೂರ್ಯನಿಗೇ ಗದರಿ ಕಾರು ಹತ್ತಿದಳು.

ಗೊಬ್ನೆಟ್‌ಗೆ ಆಗ ಐವತ್ತೆಂಟು. ವಾರವೆಲ್ಲ ಹಾಲಿನ ಸಂಘದ ಅಂಗಡಿಯಲ್ಲಿ ಹಿಂಡಿ, ಬೂಸಾ, ಬೇಲಿ ತಂತಿ ಮಾರುತ್ತಿದ್ದಳು. ಹರೆಯದಲ್ಲಿ ಊರೂರಿನ ಬಯಲು ಓಟಗಳಲ್ಲಿ ಕುದುರೆ ಓಡಿಸಿದವಳು. ಗಂಡಸರೇ ಲಗಾಮು ಬಿಗಿಹಿಡಿಯುತ್ತಿದ್ದ ಬೇಲಿಗಳ ಮೇಲೆ ಇವಳು ಲಗಾಮು ಸಡಿಲ ಬಿಟ್ಟು ಕುದುರೆ ಹಾರಿಸುತ್ತಿದ್ದಳೆಂದು ಹಳಬರು ಈಗಲೂ ನೆನೆಯುತ್ತಾರೆ. ಒಂದು ಸಲ ಹಳ್ಳದ ಆಚೆ ಬದಿಯಲ್ಲಿ ಕುದುರೆ ಮಗುಚಿ ಅವಳ ಸೊಂಟದ ಮೇಲೇ ಬಿತ್ತು. ಅಲ್ಲಿಗೆ ಸವಾರಿ ಮುಗಿಯಿತು. ಬಲಗಾಲು ಎಳೆದುಕೊಂಡು ನಡೆಯುವುದು ಅಭ್ಯಾಸವಾಯಿತು. ಕುದುರೆಯ ಮೇಲೆ ಕೂರದಿದ್ದರೂ ಕುದುರೆಯ ಮಾತು ನಿಲ್ಲಿಸಲು ಯಾರಿಂದ ಆದೀತು? ಅಂಗಡಿಗೆ ಕರುವಿನ ಹಿಂಡಿಗೆ ಬಂದವರೂ ಭಾನುವಾರದ ಓಟದ ಬಗ್ಗೆ ಅವಳೊಡನೆ ಜಗಳ ಕಾಯದೆ ಹೋಗುತ್ತಿರಲಿಲ್ಲ. ಒಂದು ದಿನ ನಾಯಿಗೆ ತಿನಿಸು ಕೊಳ್ಳಲು ಬಂದಿದ್ದ ರೇಡಿಯೋದವನೊಬ್ಬ ಈ ಜಗಳವನ್ನು ಪೂರ್ತಿ ಕೇಳಿಸಿಕೊಂಡ. "ಇದನ್ನೇ ಮೈಕಿನ ಮುಂದೆ ಬಂದು ಆಡ್ತೀರಾ?" ಎಂದ. ಅಂದಿನಿಂದ ಓಟವಿರುವ ದಿನ ಬೆಳಗ್ಗೆ, ಯಾವ ಕುದುರೆಯ ಮೇಲೆ ಎಷ್ಟು ಆಸೆ ಇಟ್ಟುಕೊಳ್ಳಬಹುದು, ಯಾವುದರ ಮೇಲೆ ಇಡಬಾರದು ಎಂದು ಹೇಳುವುದು ಅವಳ ಪಾಲಿಗೆ ಬಂತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಜನ ಕೇಳುತ್ತಿದ್ದರು. ಅವಳು ಯಾರ ಮುಖವನ್ನೂ ನೋಡಿ ಮಾತಾಡುವವಳಲ್ಲ. ಸೋಲುವುದನ್ನು ಸೋಲುತ್ತದೆ ಎಂದೇ ಹೇಳುತ್ತಿದ್ದಳು. ಅದಕ್ಕೇ ಜನ ಕೇಳುತ್ತಿದ್ದರು, ಅದಕ್ಕೇ ಬೈಯುತ್ತಲೂ ಇದ್ದರು.

ಆದರೆ ಆ ಭಾನುವಾರ ಅವಳ ಸಿಡುಕಿಗೆ ಕಾರಣ ಬರೀ ಬಿಸಿಲಲ್ಲ. ತಮ್ಮ ಡೋನಲ್ ಹಿಂದಿನ ಸಂಜೆ ಫೋನ್ ಮಾಡಿದ್ದ.

ಡೋನಲ್ ಅಪ್ಪನ ಜಮೀನಿನಲ್ಲೇ ಸಣ್ಣದೊಂದು ಲಾಯ ಇಟ್ಟುಕೊಂಡು ಬೇರೆಯವರ ಕುದುರೆಗಳನ್ನು ಪಳಗಿಸುತ್ತಿದ್ದ. ಅವನಲ್ಲಿದ್ದ ಕುದುರೆಗಳಲ್ಲಿ ನಾಲ್ಕು ಜನ ತಿರುಗಿ ನೋಡುವಂಥದ್ದು ಒಂದೇ: ಮೋಲಿ ಡೌನಿ ಎಂಬ ಕಂದು ಬಣ್ಣದ ಹೆಣ್ಣು. ಊರಿನ ಪಬ್ಬಿನ ಯಜಮಾನ ಟೈಗ್ ಡೌನಿ ಅದನ್ನು ಕೊಂಡು ತನ್ನ ಅಜ್ಜಿಯ ಹೆಸರಿಟ್ಟಿದ್ದ. ಭಾನುವಾರ ಅದು ಹೆಣ್ಣು ಕುದುರೆಗಳ ಹರ್ಡಲ್ ಓಟದಲ್ಲಿ ಓಡುವುದಿತ್ತು. ಎರಡೂವರೆ ಮೈಲಿ.

"ಎರಡೂವರೆ ಯಾಕೆ?" ಎಂದಿದ್ದಳು ಗೊಬ್ನೆಟ್ ಫೋನಿನಲ್ಲಿ. "ಎರಡು ಮೈಲಿ ಆಗ್ತಿದ್ದ ಹಾಗೆ ಅವಳ ದಮ್ಮು ಮುಗಿಯುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಟೈಗ್‌ಗೆ ಇದೇ ಓಟ ಬೇಕಂತೆ. ಲಿವರ್‌ಪೂಲಿಂದ ನೆಂಟರು ಬಂದಿದಾರೆ."

"ನೆಂಟರು ಬಂದ್ರೆ ಕುದುರೆಗೆ ದಮ್ಮು ಬರುತ್ತಾ?"

ಆ ಕಡೆ ಡೋನಲ್ ದನಿ ತಗ್ಗಿಸಿದ. "ಗೊಬ್ನೆಟ್, ನಾಳೆ ಬೆಳಗ್ಗೆ ಒಂದು ಒಳ್ಳೆ ಮಾತು ಹೇಳೇ. ಗೆಲ್ತಾಳೆ ಅಂತ ಹೇಳ್ಬೇಡ. ಸುಮ್ಮನೆ, ನೋಡಬಹುದು ಅಂತ. ಅಷ್ಟೇ," ಎಂದ. ತಮ್ಮ ಅವಳಲ್ಲಿ ಏನನ್ನಾದರೂ ಕೇಳುವುದೇ ಅಪರೂಪ. ಅವಳು ಮಾತು ಕೊಡದೆ ಫೋನ್ ಇಟ್ಟಳು.

ಬೆಳಗ್ಗೆ ಮೈಕಿನ ಮುಂದೆ ಆ ಓಟದ ಸರದಿ ಬಂದಾಗ, ನೋಡಬಹುದು ಎಂಬ ಮಾತು ಗಂಟಲ ತನಕ ಬಂದಿತ್ತು. ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಬೇರೆಯದನ್ನೇ ಹೇಳಿತು. "ಮೋಲಿ ಡೌನಿ ಚೆಂದ ಹಾರ್ತಾಳೆ. ಕೊನೇ ಹರ್ಡಲ್ ತನಕ ಎಲ್ಲರಿಗಿಂತ ಮುಂದೆ ಇದ್ರೂ ಇರಬಹುದು. ಆದ್ರೆ ಮೋಲಿ ಡೌನಿಗೆ ದಮ್ಮು ಸಾಲದು. ಎರಡು ಮೈಲಿ ಓಡಿಸಿ, ಆಗ ಮಾತಾಡೋಣ."

ಕಿಲ್‌ಕೊರ್ನಿಗೆ ಬಂದು ಕಾರು ನಿಲ್ಲಿಸಿ ಅವಳು ಮೊದಲು ಮಾಡಿದ ಕೆಲಸ, ಹಗ್ಗದ ಕೆಳಗೆ ನುಸುಳಿ ಓಟದ ದಾರಿಯ ಹುಲ್ಲಿಗೆ ಹಿಮ್ಮಡಿ ಊರಿ ನೋಡಿದ್ದು. ಹಿಮ್ಮಡಿ ಹೂತುಕೊಳ್ಳಲೇ ಇಲ್ಲ. ಕಾಲಿನಡಿ ನೆಲ ರಬ್ಬರಿನ ಹಾಗೆ ಪುಟಿಯುತ್ತಿತ್ತು. ವೇಗದ ಕುದುರೆಗಳಿಗೆ ಹೇಳಿ ಮಾಡಿಸಿದ ನೆಲ. ಅವಳು ಹೆಸರಿಸಿದ ಯಾವುದಕ್ಕೂ ಅಲ್ಲ.

ಮೊದಲನೆಯ ಓಟದಲ್ಲಿ ಅವಳು ಮೆಚ್ಚಿದ್ದ ದಪ್ಪ ಗೊರಸಿನ ಬೂದು ಕುದುರೆ, ಗಾಡಿ ಎಳೆಯುವ ಹಾಗೆ ಓಡಿ ಹಿಂದಿನಿಂದ ಎರಡನೆಯದಾಗಿ ಬಂತು. ಎರಡನೆಯ ಓಟಕ್ಕೆ ಅವಳು ಹೇಳಿದ್ದ ಕುದುರೆ ಲಾಯದಿಂದ ಹೊರಡಲೇ ಇಲ್ಲ. ನೆಲ ಗಟ್ಟಿಯಾಯಿತೆಂದು ಅದರ ಟ್ರೇನರ್ ಹೆಸರು ಹಿಂದೆಗೆದುಕೊಂಡಿದ್ದ. ಮೂರನೆಯದರಲ್ಲಿ ಅವಳ ಆಯ್ಕೆ ನಿಜಕ್ಕೂ ಗೆಲ್ಲುವುದಿತ್ತು. ಎಲ್ಲರನ್ನೂ ದೂರ ಹಿಂದೆ ಬಿಟ್ಟು ಕೊನೆಯ ಬೇಲಿಗೆ ಬಂತು, ಹಕ್ಕಿಯ ಹಾಗೆ ಹಾರಿತು, ನೆಟ್ಟಗೆ ಇಳಿಯಿತು. ಇಳಿದದ್ದು ಕುದುರೆ ಮಾತ್ರ. ಸವಾರ ಜೀನಿನಿಂದ ಪಕ್ಕಕ್ಕೆ ಜಾರಿ ಹುಲ್ಲಿನ ಮೇಲೆ ಕೂತಿದ್ದ. ಖಾಲಿ ಜೀನಿನ ಕುದುರೆ ಕಿವಿ ನಿಮಿರಿಸಿಕೊಂಡು ಗೆಲುವಿನ ಕಂಬವನ್ನು ಎಲ್ಲರಿಗಿಂತ ಮೊದಲು ದಾಟಿ, ತನ್ನನ್ನು ಯಾಕೆ ಯಾರೂ ಮೆಚ್ಚುತ್ತಿಲ್ಲವೆಂಬಂತೆ ಸುತ್ತ ನೋಡಿತು.

"ಏನಮ್ಮಾ ಗೊಬ್ನೆಟ್, ಸವಾರ ಬೀಳ್ತಾನೆ ಅಂತ ರೇಡಿಯೋದಲ್ಲಿ ಹೇಳೋದು ಮರೆತ್ಯಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಹಂದಿ ಸಾಕುವ ಮುದುಕ ಬ್ಯಾಟ್ ಶೀಹನ್. ಅವನ ಕೈಯಲ್ಲಿ ಚಿಪ್ಸಿನ ಪೊಟ್ಟಣ, ಮುಖದಲ್ಲಿ ಹಬ್ಬ.

"ನಿಮ್ಮನ್ನ ಅವನ ಜೀನಿಗೆ ಅಂಟು ಹಾಕೋಕೆ ಕಳಿಸ್ಬೇಕಿತ್ತು, ಮರೆತೆ," ಎಂದಳು ಅವಳು.

"ಒಂದು ಉಪಕಾರ ಮಾಡ್ತೀಯಾ? ಮುಂದಿನ ಓಟದಲ್ಲಿ ನಾನು ನೆಚ್ಚಿಕೊಂಡಿರೋ ಕುದುರೇನ ಮಾತ್ರ ಹೊಗಳ್ಬೇಡ. ನಿನಗೆ ಕೈ ಮುಗೀತೀನಿ."

ಸುತ್ತ ನಿಂತವರು ನಕ್ಕರು. ಗೊಬ್ನೆಟ್ ಕೂಡ ನಕ್ಕ ಹಾಗೆ ಮಾಡಿ, ಚಹಾದ ಗುಡಾರಕ್ಕೆ ಹೋಗಿ ಎಲ್ಲರಿಗೂ ಬೆನ್ನು ಹಾಕಿ ನಿಂತಳು. ಚಹಾ ತಣ್ಣಗಿತ್ತು. ಮನುಷ್ಯ ತಪ್ಪು ಲೆಕ್ಕ ಹಾಕಿ ಸೋತರೆ ತಡೆದುಕೊಳ್ಳಬಹುದು. ಸರಿಯಾಗಿ ನೋಡಿ, ಸರಿಯಾಗಿ ತೂಗಿ, ಆಮೇಲೆ ಗಾಳಿ ದಿಕ್ಕು ಬದಲಿಸಿತೆಂದು ಸೋತರೆ ಯಾರನ್ನು ಬೈಯುವುದು? ನಾಲ್ಕನೆಯ ಓಟವನ್ನು ಅವಳು ಗುಡಾರದ ಬಾಗಿಲಿನಿಂದಲೇ ನೋಡಿದಳು. ಇನ್ನೊಂದು ವರ್ಷ ಕಲಿಯಬೇಕು ಎಂದು ಅವಳು ಹೇಳಿದ್ದ ಮರಿ ಕುದುರೆ ಎಲ್ಲ ಕಲಿತು ಮುಗಿಸಿದ ಹಾಗೆ ಗೆದ್ದಿತು.

ಐದನೆಯದು ಹೆಣ್ಣು ಕುದುರೆಗಳದು. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳದ ಕಟಕಟೆಗೆ ಅವಳು ಒರಗಿ ನಿಂತಿದ್ದಳು. ಮೋಲಿಯ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಡೋನಲ್ ಉಜ್ಜಿ ಉಜ್ಜಿ ಸಿದ್ಧಮಾಡಿದ್ದ. ಅವನು ಅಕ್ಕನ ಮುಂದೆಯೇ ಕುದುರೆಯನ್ನು ನಡೆಸಿಕೊಂಡು ಹೋದ. ಹೋಗುವಾಗ ಕುದುರೆ ಅವಳ ಕಡೆ ನೋಡಿತು, ಅವನು ನೋಡಲಿಲ್ಲ.

ನೋಡಿದವನು ಟೈಗ್ ಡೌನಿ. ಹೊಸ ಟೋಪಿ, ಹೊಸ ಕೋಟು, ಹಿಂದೆ ಲಿವರ್‌ಪೂಲಿನ ನೆಂಟರ ದಂಡು. ಅಂಗಳದ ನಡುವಿನಿಂದ ನೆಟ್ಟಗೆ ಅವಳ ಹತ್ತಿರ ಬಂದ.

"ನಮ್ಮಜ್ಜಿಗೆ ದಮ್ಮಿಲ್ಲ ಅಂದ್ಯಂತೆ?"

"ನಿಮ್ಮಜ್ಜಿಗೆ ಅಲ್ಲ, ಟೈಗ್. ಕುದುರೆಗೆ."

"ಹೆಸರು ಅವರದೇ ತಾನೇ? ಹನ್ನೊಂದು ಮಕ್ಕಳನ್ನ ಹೆತ್ತವರು ಅವರು. ಬೆಳಗ್ಗೆ ತಿಂಡಿ ತಿನ್ನೋವಾಗ ಇಡೀ ಮನೆ ಕೇಳಿಸಿಕೊಳ್ತು. ನಮ್ಮಮ್ಮ ಚಮಚ ಕೆಳಗಿಟ್ಟುಬಿಟ್ರು."

"ಹನ್ನೊಂದು ಹೆತ್ತವರನ್ನ ಎರಡೂವರೆ ಮೈಲಿ ಓಡಿಸೋದು ನನಗೆ ಸರಿ ಕಾಣ್ಲಿಲ್ಲ," ಎಂದಳು ಗೊಬ್ನೆಟ್. ನಗೆ ಬರಿಸಲು ಆಡಿದ ಮಾತು. ನೆಂಟರಲ್ಲಿ ಒಬ್ಬಳು ನಕ್ಕಳು ಕೂಡ. ಟೈಗ್ ನಗಲಿಲ್ಲ.

"ದೂರ ಜಾಸ್ತಿ ಆಯ್ತು ಅಂತ ನಿನ್ನ ತಮ್ಮ ನನಗೆ ಹೇಳ್ಲೇ ಇಲ್ಲ. ನಿನಗೊಬ್ಬಳಿಗೇ ಗೊತ್ತಾ?" ಎಂದು ಹೇಳಿ ಹೊರಟುಹೋದ.

ಓಟ ಶುರುವಾಯಿತು. ಗೊಬ್ನೆಟ್‌ಗೆ ಆ ದಿನ ಮೊದಲ ಸಲ ತನ್ನ ಮಾತು ಸುಳ್ಳಾಗಲಿ ಎಂಬ ಆಸೆ ಹುಟ್ಟಿತು. ಬೆಳಗ್ಗಿನಿಂದ ಎಲ್ಲವೂ ಸುಳ್ಳಾಗಿದೆಯಲ್ಲ, ಇದೊಂದು ಯಾಕೆ ಆಗಬಾರದು? ನೆಲ ಗಟ್ಟಿಯಾಗಿದೆ. ಗಟ್ಟಿ ನೆಲದಲ್ಲಿ ದಮ್ಮು ಅಷ್ಟು ಬೇಗ ಮುಗಿಯದು. ತಾನು ಬೈದ ಬಿಸಿಲೇ ತಮ್ಮನನ್ನು ಕಾಯಬಹುದು.

ಮೋಲಿ ಮೊದಲಿನಿಂದಲೂ ಮುಂದಿದ್ದಳು. ಒಂದೊಂದು ಹರ್ಡಲನ್ನೂ ಹೊಸ್ತಿಲು ದಾಟುವಷ್ಟು ಸಲೀಸಾಗಿ ದಾಟಿದಳು. ಕೊನೆಯ ತಿರುವಿನಲ್ಲಿ ಸವಾರ ಇನ್ನೂ ಅಲುಗಾಡದೆ ಕೂತಿದ್ದ. ಹಿಂದಿನವರೆಲ್ಲ ಚಾಟಿ ಎತ್ತಿದ್ದರು. "ಹೋಗೇ ಮೋಲಿ! ಹೋಗೇ ನನ್ನವ್ವ!" ಎಂದು ಕಿರುಚುತ್ತಿದ್ದವಳು ತಾನೇ ಎಂಬುದು ಗೊಬ್ನೆಟ್‌ಗೆ ಗೊತ್ತಾದದ್ದು ಪಕ್ಕದವರು ತಿರುಗಿ ನೋಡಿದಾಗ. ಕೊನೆಯ ಹರ್ಡಲಿಗೂ ಮೋಲಿಯೇ ಮೊದಲು ಬಂದಳು. ಹಾರಿ ಇಳಿದಳು.

ಇಳಿದ ಮೇಲೆ ನಾಲ್ಕು ಹೆಜ್ಜೆ ಹಾಕಿರಬೇಕು, ತಲೆ ಮೇಲಕ್ಕೆ ಹೋಯಿತು. ಬಾಲ ಒಂದು ಸಲ ಸುತ್ತಿತು. ಕುದುರೆ ಬಲ್ಲವರಿಗೆ ಅಷ್ಟು ಸಾಕು. ಸವಾರ ಕೈಯಾಡಿಸಿದ, ಕಾಲು ಒತ್ತಿದ, ಮೋಲಿ ಮಾತ್ರ ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿದ್ದಳು. ಒಂದು ದಾಟಿತು, ಇನ್ನೊಂದು ದಾಟಿತು, ಆಮೇಲೆ ಎರಡು ಜೊತೆಯಾಗಿ ದಾಟಿದವು. ಗೆದ್ದದ್ದು ಗೊಬ್ನೆಟ್ ಬೆಳಗ್ಗೆ ಹೆಸರಿಸಿದ್ದ ಕುದುರೆ. ದಿನವಿಡೀ ಅವಳ ಮಾತು ನಿಜವಾದದ್ದು ಇದೊಂದೇ ಓಟದಲ್ಲಿ, ಅದೂ ಅಕ್ಷರಕ್ಕೆ ಅಕ್ಷರ.

"ಹೋಗ್ಲಿ ಬಿಡು, ಕೊನೆಗೂ ಒಂದು ಹೊಡೆದ್ಯಲ್ಲ!" ಎಂದು ಬ್ಯಾಟ್ ಶೀಹನ್ ಅವಳ ಭುಜ ತಟ್ಟಿದ. ಅವಳಿಗೆ ಅವನ ಚಿಪ್ಸಿನ ಪೊಟ್ಟಣವನ್ನು ಕಿತ್ತು ನೆಲಕ್ಕೆ ಒಗೆಯಬೇಕೆನ್ನಿಸಿತು.

ಓಟದ ಬಯಲಿನ ಲಾಯದ ಅಂಗಳಕ್ಕೆ ಅವಳು ಕುಂಟುತ್ತ ಹೋಗುವಷ್ಟರಲ್ಲಿ ಟೈಗ್ ಹೇಳುವುದನ್ನೆಲ್ಲ ಹೇಳಿ ಹೋಗಿಯಾಗಿತ್ತು. ಡೋನಲ್ ಮೋಲಿಯ ಮೈಮೇಲೆ ಬಕೆಟ್ಟಿನಿಂದ ನೀರು ಸುರಿದು ಒರೆಸುತ್ತಿದ್ದ. ಕುದುರೆಯ ಪಕ್ಕೆಗಳು ತಿದಿಯ ಹಾಗೆ ಏರಿ ಇಳಿಯುತ್ತಿದ್ದವು.

"ಬುಧವಾರ ಗಾಡಿ ತಂದು ಕರ್ಕೊಂಡು ಹೋಗ್ತಾನಂತೆ," ಎಂದ ಡೋನಲ್, ತಿರುಗದೆ. "ಟಿಪ್ಪರರಿ ಕಡೆ ಯಾವುದೋ ದೊಡ್ಡ ಲಾಯಕ್ಕೆ."

"ನನ್ನ ಮಾತಿಂದಲಾ?"

"ನಿನ್ನ ಮನೆಯವರೇ ನಂಬದ ಕುದುರೇನ ನಿನ್ನ ಹತ್ರ ಯಾಕೆ ಬಿಡ್ಲಿ ಅಂದ."

"ಡೋನಲ್, ನಾನು ಹೇಳಿದ್ದು ಸುಳ್ಳಾ?"

ಆಗ ಅವನು ತಿರುಗಿದ. ಮುಖ ಕೆಂಪಗಾಗಿತ್ತು. "ಸುಳ್ಳಾಗಿದ್ರೆ ಎಷ್ಟೋ ವಾಸಿ ಇತ್ತು! ಬೆಳಗ್ಗಿಂದ ಹೇಳಿದ್ದೆಲ್ಲ ತಪ್ಪಾಯ್ತು. ಒಂದೇ ಒಂದು ಸರಿ ಹೇಳೋಕೆ ನಿನಗೆ ನನ್ನ ಕುದುರೇನೇ ಬೇಕಿತ್ತಾ?"

"ನಿನಗೂ ಗೊತ್ತಿತ್ತಲ್ಲೋ. ಎರಡು ಮೈಲಿ ಓಡಿಸೋಣ ಅಂತ ಟೈಗ್‌ಗೆ ನೀನೇ ಯಾಕೆ ಹೇಳ್ಲಿಲ್ಲ?"

"ನೀನು ಮೈಕಿನ ಮುಂದೆ ಕೂತಿರ್ತೀಯ ಗೊಬ್ನೆಟ್. ನಾನು ಟೈಗ್ ಮುಂದೆ ನಿಂತಿದ್ದೆ." ಬಕೆಟ್ಟನ್ನು ಅವನು ಅಷ್ಟು ಜೋರಾಗಿ ಇಟ್ಟನೆಂದರೆ ಮೋಲಿ ಬೆಚ್ಚಿ ಪಕ್ಕಕ್ಕೆ ಸರಿದಳು. ಇಬ್ಬರೂ ಒಟ್ಟಿಗೇ ಕೈಚಾಚಿ ಅವಳ ಲಗಾಮು ಹಿಡಿದರು. ಕೊನೆಗೆ ಗೊಬ್ನೆಟ್ ಕೈ ಬಿಟ್ಟು ಹೊರಟುಬಂದಳು.

ಬುಧವಾರ ಮೋಲಿ ಹೋದಳು. ಏಪ್ರಿಲ್‌ನಲ್ಲಿ ಹೊಸ ಲಾಯದವರು ಅವಳನ್ನು ಎರಡು ಮೈಲಿಯ ಓಟಕ್ಕೆ ಇಳಿಸಿದರು. ಆ ಬೆಳಗ್ಗೆ ಗೊಬ್ನೆಟ್ ಮೈಕಿನಲ್ಲಿ, "ಇವತ್ತು ಮೋಲಿ ಡೌನಿಯನ್ನ ಹಿಡಿಯೋರು ಯಾರೂ ಇಲ್ಲ," ಎಂದಷ್ಟೇ ಹೇಳಿ ಮುಂದಿನ ಓಟಕ್ಕೆ ಹೋದಳು. ಯಾರೂ ಹಿಡಿಯಲಿಲ್ಲ. ಆ ರಾತ್ರಿ ಟೈಗ್ ತನ್ನ ಪಬ್ಬಿನಲ್ಲಿ ಎಲ್ಲರಿಗೂ ಕುಡಿಸಿ, "ಎರಡು ಮೈಲೀನೇ ಅವಳ ದೂರ ಅಂತ ನಾನು ಮೊದಲಿಂದ ಬಡ್ಕೊಂಡೆ, ಯಾರೂ ಕೇಳ್ಲಿಲ್ಲ," ಎಂದನಂತೆ. ಮಾರನೆಯ ದಿನ ಅಂಗಡಿಯಲ್ಲಿ ಈ ಸುದ್ದಿಯನ್ನು ಅವಳಿಗೆ ಮುಟ್ಟಿಸದವರಿಲ್ಲ. ಅವಳು ಹಿಂಡಿ ಚೀಲಗಳನ್ನು ಎತ್ತಿ ಎತ್ತಿ ಕುಕ್ಕಿದಳು.

ಅಂಗಡಿ ಮುಚ್ಚಿದ ಮೇಲೆ ಕಾರು ತಂತಾನೇ ಡೋನಲ್‌ನ ಲಾಯದ ಕಡೆ ತಿರುಗಿತು. ಫೆಬ್ರವರಿಯ ಆ ಭಾನುವಾರದ ನಂತರ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಮೋಲಿಯ ಗೂಡಿನಲ್ಲಿ ಈಗ ಹೊಸದೊಂದು ಕರಿಯ ಗಂಡು ನಿಂತಿತ್ತು. ಡೋನಲ್ ಹುಲ್ಲು ಹರಡುತ್ತಿದ್ದವನು ಅವಳನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ. ಅವಳು ಗೂಡಿನ ಅರ್ಧ ಬಾಗಿಲಿಗೆ ಮೊಣಕೈ ಊರಿ ಆ ಕುದುರೆಯನ್ನು ಕಿವಿಯಿಂದ ಗೊರಸಿನ ತನಕ ನೋಡಿದಳು. ಬಾಯಿ ಮುಚ್ಚಿಕೊಂಡಿರಬೇಕೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದಳು.

"ಎಡ ಮುಂಗಾಲು ಒಳಕ್ಕೆ ತಿರುಗಿದೆ," ಎಂದಳು.

"ನಿನ್ನನ್ನ ಯಾರೂ ಕೇಳ್ಲಿಲ್ಲ."

"ಸರಿ."

ಡೋನಲ್ ಇನ್ನೆರಡು ಸಲ ಕವೆಗೋಲಿನಿಂದ ಹುಲ್ಲು ಎಸೆದ. ಆಮೇಲೆ ಕವೆಯನ್ನು ಗೋಡೆಗೆ ಒರಗಿಸಿ, ಬಂದು ಅವಳ ಪಕ್ಕದಲ್ಲೇ ಬಾಗಿಲಿಗೆ ಒರಗಿದ. ಅವನ ಸಿಟ್ಟು ಇಳಿದಿರಲಿಲ್ಲ. ಅವಳದ್ದೂ ಇಳಿದಿರಲಿಲ್ಲ.

"ಮತ್ತೆ? ಇನ್ನೇನು ಕಾಣುತ್ತೆ, ಹೇಳು," ಎಂದ. "ಆದ್ರೆ ಇಲ್ಲೇ ಹೇಳು. ಮೊದಲು ನನಗೆ."